ಪ್ಲಾಟಿನಂ ಮೇಲೆ ಒಂದೇ ಪದರ

ಬಾಗಿಲು ತೆಗೆದ ಕೂಡಲೇ ಎದುರಾಗುವುದು ಸದ್ದು. ನೆಲದ ಮೇಲಿನ ಪಂಪೊಂದು ಗುರುಗುಟ್ಟುತ್ತಿದೆ. ಅದರ ಜೊತೆಗೆ, ಎಲ್ಲಿಂದ ಬರುತ್ತಿದೆಯೆಂದು ತಟ್ಟನೆ ಗೊತ್ತಾಗದ ಇನ್ನೊಂದು ಸಣ್ಣ ಸುಯ್ಲು: ಟರ್ಬೊ ಪಂಪಿನ ರೆಕ್ಕೆಗಳು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ಹೊಡೆಯುತ್ತಿವೆ. ಕೋಣೆಯ ನಡುವೆ, ಎದೆಯೆತ್ತರದ ಚೌಕಟ್ಟಿನ ಮೇಲೆ, ಸ್ಟೇನ್‌ಲೆಸ್ ಸ್ಟೀಲಿನ ಒಂದು ಕೋಶ. ಅದರ ಮೈಯಿಂದ ಎಲ್ಲ ದಿಕ್ಕಿಗೂ ಮೋಟು ಕೊಳವೆಗಳು ಹೊರಟಿವೆ. ಪ್ರತಿ ಕೊಳವೆಯ ತುದಿಗೂ ದಪ್ಪ ಬಿಲ್ಲೆ, ಬಿಲ್ಲೆಯ ಸುತ್ತ ಸಾಲಾಗಿ ಬೋಲ್ಟು, ಎರಡು ಬಿಲ್ಲೆಗಳ ನಡುವೆ ಒಮ್ಮೆ ಬಿಗಿದರೆ ಮತ್ತೆ ಬಳಸಲಾಗದ ತಾಮ್ರದ ಉಂಗುರ. ಅಲ್ಲಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಒರಟಾಗಿ ಸುತ್ತಿದ್ದಾರೆ. ಕೋಟ್ಯಂತರ ಬೆಲೆಯ ಸಲಕರಣೆಗೆ ಅಡುಗೆಮನೆಯ ಹಾಳೆಯ ಅಲಂಕಾರವೇ ಎಂದು ಮೊದಲ ಸಲ ನೋಡುವವರು ನಗುವುದುಂಟು. ಕೋಶವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ದಿನ ಬೇಯಿಸುವಾಗ ಕಾವು ಎಲ್ಲ ಕಡೆಗೂ ಸಮನಾಗಿ ಹರಡಲಿ ಎಂದು ಸುತ್ತಿದ ಹಾಳೆ ಅದು. ಉಕ್ಕಿನ ಒಳಮೈಗೆ ಅಂಟಿಕೊಂಡ ನೀರಿನ ತೇವ ಆ ಕಾವಿಗೆ ಬಿಟ್ಟುಕೊಂಡು ಪಂಪಿನ ಬಾಯಿಗೆ ಬೀಳುತ್ತದೆ.

ಇಷ್ಟೆಲ್ಲ ಸಡಗರ ಒಳಗೆ ಏನೂ ಇಲ್ಲದ ಹಾಗೆ ಮಾಡಲು. ಒತ್ತಡದ ಮಾಪಕ ತೋರಿಸುವ ಅಂಕಿ, ಎಲ್ಲ ಸರಿಯಿದ್ದ ದಿನ, ವಾತಾವರಣದ ಒತ್ತಡದ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಅಷ್ಟು ಖಾಲಿ ಯಾಕೆ ಬೇಕೆಂಬುದಕ್ಕೆ ಲೆಕ್ಕ ಸರಳ. ಪಾದರಸದ ಒಂದು ಮಿಲಿಮೀಟರ್ ಒತ್ತಡವನ್ನು ಒಂದು ಟಾರ್ ಎನ್ನುತ್ತಾರೆ. ಟಾರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು ಒತ್ತಡವಿದ್ದರೂ ಸಾಕು, ಅಪ್ಪಟ ಲೋಹದ ಮೇಲ್ಮೈಯನ್ನು ಅನಿಲದ ಅಣುಗಳು ಹೆಚ್ಚು ಕಡಿಮೆ ಒಂದು ಸೆಕೆಂಡಿನಲ್ಲಿ ಮುಚ್ಚಿಬಿಡುತ್ತವೆ. ಅದರ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿದರೆ ಎರಡೂಮುಕ್ಕಾಲು ಗಂಟೆ ಸಿಗುತ್ತದೆ. ಪ್ರಯೋಗ ಮಾಡಲು ಅಷ್ಟು ಬಿಡುವು ಬೇಕೇ ಬೇಕು. ಆ ಒಂದು ಸೆಕೆಂಡಿನ ಅಳತೆಗೆ ಈ ಕಸುಬಿನವರು ಇಟ್ಟ ಹೆಸರು ಲ್ಯಾಂಗ್‌ಮ್ಯೂರ್. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಬಲ್ಬಿನ ತಂತಿ ಯಾಕೆ ಸವೆಯುತ್ತದೆ, ಗಾಜು ಯಾಕೆ ಕಪ್ಪಾಗುತ್ತದೆ ಎಂದು ಹುಡುಕುತ್ತ ಹೊರಟು, ಕಾದ ಲೋಹದ ಮೇಲೆ ಅನಿಲ ಕೂರುವ ರೀತಿಯನ್ನು ಅರ್ಥ ಮಾಡಿಕೊಂಡ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅವರ ಹೆಸರದು. ಅಣುಗಳು ಲೋಹದ ಮೇಲೆ ಒಂದೇ ಒಂದು ಪದರವಾಗಿ, ಒಂದೊಂದೂ ತನ್ನದೇ ಜಾಗ ಹಿಡಿದು ಕೂರುತ್ತವೆ ಎಂಬುದು ಅವರು ಕಟ್ಟಿಕೊಟ್ಟ ಚಿತ್ರ. 1932ರ ರಸಾಯನ ವಿಜ್ಞಾನದ ನೊಬೆಲ್ ಅವರಿಗೆ ಬಂತು. ಆ ಪದರವನ್ನು ಅವರು ಕಣ್ಣಾರೆ ಕಂಡಿರಲಿಲ್ಲ, ಲೆಕ್ಕದಿಂದ ಹಿಡಿದಿದ್ದರು.

ಕೋಶದ ಗಾಜಿನ ಕಿಟಕಿಗೆ ಕಣ್ಣಿಟ್ಟರೆ ಒಳಗೆ, ತೆಳ್ಳನೆಯ ಟ್ಯಾಂಟಲಮ್ ತಂತಿಗಳ ನಡುವೆ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಬಿಲ್ಲೆ ತೂಗಿಕೊಂಡಿದೆ. ಪ್ಲಾಟಿನಂ. ಆಭರಣದಂಗಡಿಯ ಪ್ಲಾಟಿನಂನಲ್ಲಿ ಅಸಂಖ್ಯ ಸಣ್ಣ ಹರಳುಗಳು ದಿಕ್ಕಾಪಾಲಾಗಿ ಸೇರಿಕೊಂಡಿರುತ್ತವೆ. ಈ ಬಿಲ್ಲೆ ಒಂದೇ ಹರಳು. ಅದರ ಮುಖವನ್ನು ಪರಮಾಣುಗಳು ಅತಿ ಒತ್ತಾಗಿ, ಜೇನುಗೂಡಿನ ಷಟ್ಕೋನದ ಲೆಕ್ಕದಲ್ಲಿ ಕೂತಿರುವ ದಿಕ್ಕಿಗೆ ಕತ್ತರಿಸಿ ಉಜ್ಜಿದ್ದಾರೆ. ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು ಹದಿನೈದು ಕೋಟಿ ಕೋಟಿ ಪರಮಾಣು. ಕನ್ನಡಿಯಂತೆ ಹೊಳೆಯುವ ಈ ಮುಖ ನಮ್ಮ ಕಣ್ಣಿಗೆ ಶುದ್ಧವಾಗಿ ಕಂಡರೂ ಪ್ರಯೋಗಕ್ಕೆ ಕೊಳಕೇ. ಆರ್ಗಾನ್ ಅಯಾನುಗಳಿಂದ ಹೊಡೆದು ಮೇಲಿನ ಪದರಗಳನ್ನು ಕೆತ್ತಿ ಹಾಕಬೇಕು, ಆಮ್ಲಜನಕ ಬಿಟ್ಟು ಇಂಗಾಲದ ಕಲೆ ಸುಡಬೇಕು, ಕೆತ್ತಿದ ಗಾಯ ಮಾಯಲು ಕೆಂಪಗೆ ಕಾಯಿಸಬೇಕು. ಮತ್ತೆ ಮೊದಲಿನಿಂದ. ಕಾದ ಬಿಲ್ಲೆ ಕಿಟಕಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಯಾಗಿ ಬೆಳಗಿ, ಕರೆಂಟು ತೆಗೆದಾಗ ಮಬ್ಬಾಗಿ, ಮತ್ತೆ ಬೆಳ್ಳಿಯ ಬಣ್ಣಕ್ಕೆ ಬರುವುದನ್ನು ನೋಡುವುದಷ್ಟೇ ಈ ದಿನಚರಿಯಲ್ಲಿ ಕಣ್ಣಿಗೆ ಹಬ್ಬ. ಉಳಿದದ್ದೆಲ್ಲ ಕಾಯುವ ಕೆಲಸ. ಸಂಶೋಧನಾ ವಿದ್ಯಾರ್ಥಿಗಳ ಯೌವನದ ಬಹುಪಾಲು ಇಂಥ ಬಿಲ್ಲೆ ತೊಳೆಯುವುದರಲ್ಲೇ ಕಳೆಯುತ್ತದೆ ಎಂಬುದು ಅತಿಶಯೋಕ್ತಿಯೇನಲ್ಲ.

ಇನ್ನು ಬೆಳಕು. ಕೋಶದ ಒಂದು ಪಕ್ಕಕ್ಕೆ ಪೆಟ್ಟಿಗೆಯೊಂದಿದೆ. ಅದರೊಳಗೆ ಕಾದು ಕೆಂಪಾದ ಸಿಲಿಕಾನ್ ಕಾರ್ಬೈಡ್ ಕಡ್ಡಿ. ಅದರಿಂದ ಹೊರಡುವ ಬೆಳಕಿನಲ್ಲಿ ನಮಗೆ ಬೇಕಾದ ಭಾಗ ಕಣ್ಣಿಗೆ ಕಾಣದ ಅವಕೆಂಪು, ಅಂದರೆ ಇನ್‌ಫ್ರಾರೆಡ್. ಕನ್ನಡಿಗಳ ಮೂಲಕ ಅದು ಕೋಶದ ಒಳಗೆ ಹೋಗಬೇಕು. ಸಾಮಾನ್ಯ ಗಾಜು ಈ ಬೆಳಕನ್ನು ನುಂಗಿಬಿಡುವುದರಿಂದ ಅದು ಹಾಯುವ ಕಿಟಕಿಗೆ ಹಾಕಿರುವುದು ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪಿನ ಫಲಕ. ಉಪ್ಪಾದ್ದರಿಂದ ತೇವ ಕಂಡರೆ ಮಬ್ಬಾಗುತ್ತದೆ. ಬೆರಳು ಮುಟ್ಟಿಸುವ ಹಾಗಿಲ್ಲ. ಬಿಲ್ಲೆಯಿಂದ ಪುಟಿದು ಆಚೆ ಬಂದ ಬೆಳಕನ್ನು ಹಿಡಿಯುವ ಪತ್ತೆಕಾರಕ ಕೆಲಸ ಮಾಡಬೇಕಾದರೆ ಅದಕ್ಕೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಕುಡಿಸಬೇಕು. ಆಲಿಕೆಯಲ್ಲಿ ಸುರಿಯುವಾಗ ಬಿಳಿಯ ಹಬೆ ಮೇಜಿನಂಚಿನಿಂದ ನೆಲಕ್ಕೆ ಇಳಿಯುತ್ತದೆ. ಬೆಳಕಿನ ದಾರಿಯನ್ನೆಲ್ಲ ಒಣ ಗಾಳಿ ತುಂಬಿದ ಡಬ್ಬಿಗಳಿಂದ ಮುಚ್ಚಿರುತ್ತಾರೆ. ಯಾರಾದರೂ ಹತ್ತಿರ ಬಂದು ಮಾತಾಡಿದರೆ ಅವರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೀಳುಗಳಿಂದ ಒಳಗೆ ನುಸುಳಿ ಪರದೆಯ ಮೇಲೆ 2349ರ ಬಳಿ ಗೆರೆಯಾಗಿ ಏಳುತ್ತದೆ.

ಈ ಅಂಕಿಗಳ ಭಾಷೆ ಗೊತ್ತಿಲ್ಲದೆ ಮುಂದೆ ಹೋಗುವಂತಿಲ್ಲ. ಅಣುವಿನೊಳಗಿನ ಪರಮಾಣುಗಳು ಸುಮ್ಮನಿರುವುದಿಲ್ಲ, ಬಂಧದ ಎರಡು ತುದಿಯಲ್ಲಿ ಹತ್ತಿರ ಬಂದು ದೂರ ಸರಿಯುತ್ತ ಕಂಪಿಸುತ್ತಲೇ ಇರುತ್ತವೆ. ಇಂಗಾಲ ಮತ್ತು ಆಮ್ಲಜನಕದ ಒಂದೊಂದು ಪರಮಾಣು ಸೇರಿ ಆದ ಕಾರ್ಬನ್ ಮೊನಾಕ್ಸೈಡ್ ಸೆಕೆಂಡಿಗೆ ಸುಮಾರು 64 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಇಷ್ಟು ದೊಡ್ಡ ಅಂಕಿಯನ್ನು ದಿನವೂ ಹೇಳಲಾಗದೆ ಒಂದು ಸೆಂಟಿಮೀಟರಿನಲ್ಲಿ ಆ ಬೆಳಕಿನ ಎಷ್ಟು ಅಲೆ ಹಿಡಿಯುತ್ತವೆ ಎಂಬ ಲೆಕ್ಕವನ್ನು ಇಟ್ಟುಕೊಂಡಿದ್ದಾರೆ. ಸ್ವತಂತ್ರವಾಗಿ ಗಾಳಿಯಲ್ಲಿ ತೇಲುವ ಕಾರ್ಬನ್ ಮೊನಾಕ್ಸೈಡಿನ ಅಂಕಿ 2143. ಆ ಅಂಕಿಯ ಬೆಳಕು ಬಿದ್ದರೆ ಅಣು ಅದನ್ನು ಹೀರುತ್ತದೆ, ಬೇರೆಯದನ್ನು ಬಿಟ್ಟುಕೊಡುತ್ತದೆ. ಬಂಧ ಸಡಿಲವಾದರೆ ಅಂಕಿ ಇಳಿಯುತ್ತದೆ, ಬಿಗಿಯಾದರೆ ಏರುತ್ತದೆ. ಲೋಹದ ಮೇಲೆ ಕೂತ ಅಣುವಿಗೆ ಏನಾಯಿತೆಂದು ತಿಳಿಯಲು ಈ ಏರಿಳಿತವೊಂದೇ ಸಾಕು.

ಸಾಕು ಅನ್ನುವುದು ಸುಲಭ. ಒಂದೇ ಪದರ ಅಣುಗಳು ಹೀರುವ ಬೆಳಕು ಬಿದ್ದ ಬೆಳಕಿನ ನೂರರಲ್ಲಿ ಒಂದು ಪಾಲಿನ ಸುತ್ತಮುತ್ತ, ಎಷ್ಟೋ ಸಲ ಅದಕ್ಕಿಂತ ಎಷ್ಟೋ ಕಡಿಮೆ. ಈ ಅಡ್ಡಿಯನ್ನು ಮೊದಲು ದಾಟಿದವರು ವಿಶ್ವವಿದ್ಯಾಲಯದವರಲ್ಲ, ಎಣ್ಣೆ ಕಂಪನಿಯವರು. ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಯ ದಂಡೆಗುಂಟ ಉತ್ತರಕ್ಕೆ ಹೋದರೆ ಸಿಗುವ ಬೀಕನ್ ಎಂಬ ಊರಿನಲ್ಲಿ, ಮುಂದೆ ಟೆಕ್ಸಾಕೊ ಎಂದು ಹೆಸರಾದ ಟೆಕ್ಸಾಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. 1949ರಿಂದ ಪೆಟ್ರೋಲಿನ ಗುಣ ಹೆಚ್ಚಿಸಲು ಪ್ಲಾಟಿನಂ ಕ್ರಿಯಾವರ್ಧಕ ಬಳಸುವ ಪದ್ಧತಿ ಅಮೆರಿಕದ ಸಂಸ್ಕರಣಾಗಾರಗಳಲ್ಲಿ ಬಂದಿತ್ತು. ಹಣವೆಲ್ಲ ಆ ಲೋಹದ ಮೇಲ್ಮೈಯಲ್ಲಿ ಹುಟ್ಟುತ್ತಿರುವಾಗ ಅಲ್ಲಿ ನಡೆಯುವುದೇನೆಂದು ಎಣ್ಣೆ ಕಂಪನಿಗಳು ತಲೆ ಕೆಡಿಸಿಕೊಂಡದ್ದು ಸಹಜ. ಐಷನ್ಸ್, ಪ್ಲಿಸ್ಕಿನ್ ಮತ್ತು ಫ್ರಾನ್ಸಿಸ್ ಎಂಬ ಮೂವರು ಹಿಡಿದ ದಾರಿ ಇದು: ಲೋಹವನ್ನು ಅತಿ ಸಣ್ಣ ಕಣಗಳಾಗಿ ಸಿಲಿಕಾ ಪುಡಿಯ ಮೇಲೆ ಹರಡು. ಕಣ ಚಿಕ್ಕದಾದಷ್ಟೂ ಅದೇ ತೂಕದ ಲೋಹಕ್ಕೆ ಮೈ ಹೆಚ್ಚು. ಒಂದು ಪದರದ ಬದಲು ಬೆಳಕು ಅಸಂಖ್ಯ ಕಣಗಳ ಮೈಮೇಲಿನ ಪದರಗಳನ್ನು ಹಾಯ್ದು ಬರುತ್ತದೆ. 1954ರಲ್ಲಿ ತಾಮ್ರ, ಪ್ಲಾಟಿನಂ, ಪೆಲ್ಲಾಡಿಯಂ, ನಿಕ್ಕಲ್ ಮೇಲೆ ಕೂತ ಕಾರ್ಬನ್ ಮೊನಾಕ್ಸೈಡಿನ ರೋಹಿತಗಳನ್ನು, ಅಂದರೆ ಯಾವ ಅಂಕಿಯ ಬೆಳಕನ್ನು ಎಷ್ಟು ಹೀರಿತೆಂಬ ನಕ್ಷೆಗಳನ್ನು, ಅವರು ಪ್ರಕಟಿಸಿದರು. ಅಣುವೊಂದು ಲೋಹಕ್ಕೆ ಅಂಟಿಕೊಂಡಾಗ ಅದರ ಕಂಪನ ಬದಲಾಗುತ್ತದೆ ಎಂಬುದು ಕಾಗದದ ಮೇಲೆ ಗೆರೆಯಾಗಿ ಮೂಡಿತು. ಗೆರೆಗಳು ಎರಡು ಗುಂಪಾಗಿದ್ದವು: 2000ಕ್ಕಿಂತ ಮೇಲಿನವು, ಕೆಳಗಿನವು. ಲೋಹ ಮತ್ತು ಕಾರ್ಬನ್ ಮೊನಾಕ್ಸೈಡ್ ಸೇರಿದ, ರಚನೆ ಆಗಲೇ ಗೊತ್ತಿದ್ದ ಸಂಯುಕ್ತಗಳ ಜೊತೆ ಹೋಲಿಸಿ ಅವರು ತೀರ್ಮಾನಿಸಿದರು. ಮೇಲಿನದು ಒಂದೇ ಲೋಹದ ಪರಮಾಣುವಿನ ನೆತ್ತಿಯ ಮೇಲೆ ನೆಟ್ಟಗೆ ನಿಂತ ಅಣು, ಕೆಳಗಿನದು ಎರಡು ಪರಮಾಣುಗಳ ನಡುವೆ ಸೇತುವೆಯಾಗಿ ಕೂತದ್ದು.

ಪುಡಿಯ ತೊಂದರೆಯೆಂದರೆ ಅದು ಪುಡಿ. ಕಣಗಳಿಗೆ ಮುಖ, ಅಂಚು, ಮೂಲೆ ಎಲ್ಲ ಇರುತ್ತವೆ. ಯಾವ ಅಣು ಎಲ್ಲಿ ಕೂತಿದೆಯೆಂದು ಪ್ರತ್ಯೇಕಿಸುವುದು ಕಷ್ಟ. ಜೊತೆಗೆ 1300ಕ್ಕಿಂತ ಕೆಳಗೆ ಸಿಲಿಕಾ ತಾನೇ ಬೆಳಕನ್ನು ಕುಡಿದು ಪರದೆಯನ್ನು ಕತ್ತಲು ಮಾಡುತ್ತದೆ. ಒಂದೇ ಹರಳಿನ ನಯವಾದ ಮುಖದ ಮೇಲೆ ಇದನ್ನೇ ನೋಡಬೇಕೆಂದರೆ ಬೆಳಕನ್ನು ಕನ್ನಡಿಯಿಂದ ಪುಟಿಸುವಂತೆ ಪುಟಿಸಬೇಕು. ನೇರವಾಗಿ ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಲೋಹದ ಮೈಗೆ ಸಮಾನಾಂತರವಾದ ವಿದ್ಯುತ್ ಕ್ಷೇತ್ರ, ಪುಟಿಯುವಾಗ ತಲೆಕೆಳಗಾಗಿ, ಬರುವ ಅಲೆಯೂ ಹೋಗುವ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಮೇಲ್ಮೈಯ ಮೇಲೆ, ಅಣು ಇರುವ ಜಾಗದಲ್ಲೇ, ಬೆಳಕಿನ ಕ್ಷೇತ್ರ ಸೊನ್ನೆ. ಇದಕ್ಕೆ ದಾರಿ ತೋರಿಸಿದವರು ಮಿಲ್ವಾಕಿಯ ರಾಬರ್ಟ್ ಗ್ರೀನ್ಲರ್. 1966ರ ಪ್ರಬಂಧದಲ್ಲಿ ಅವರ ಲೆಕ್ಕ ಹೇಳಿದ್ದು: ಬೆಳಕನ್ನು ಲೋಹದ ಮೈಗೆ ಬಹುತೇಕ ಸವರಿಕೊಂಡು ಹೋಗುವ ಹಾಗೆ, ಲಂಬದಿಂದ 80 ಡಿಗ್ರಿಗೂ ಹೆಚ್ಚು ಓರೆಯಾಗಿ ಬಿಡಿ. ಅಲೆಯ ಆಂದೋಲನ ಲೋಹದ ಮೈಗೆ ಲಂಬವಾಗಿರುವ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಆಗ ಬರುವ ಅಲೆ ಮತ್ತು ಹೋಗುವ ಅಲೆ ಅಳಿಸಿಕೊಳ್ಳುವ ಬದಲು ಕೂಡಿಕೊಳ್ಳುತ್ತವೆ. ನೇರ ಬೆಳಕಿಗೆ ಕುರುಡಾಗಿದ್ದ ಅದೇ ಒಂದು ಪದರ ಓರೆ ಬೆಳಕಿಗೆ ಗೆರೆ ಬಿಡುತ್ತದೆ.

ಈ ಉಪಾಯಕ್ಕೆ ಒಂದು ಷರತ್ತೂ ಅಂಟಿಕೊಂಡೇ ಬಂತು. ಮೈಗೆ ಲಂಬವಾದ ಕಂಪನ ಮಾತ್ರ ಕಾಣುತ್ತದೆ. ಲೋಹದ ಮೇಲೆ ನಿಂತು ಮೇಲೆ ಕೆಳಗೆ ಕಂಪಿಸುವ ಅಣು ಗೆರೆ ಕೊಡುತ್ತದೆ. ಅದೇ ಅಣು ಅಡ್ಡ ಮಲಗಿ ಕಂಪಿಸಿದರೆ ಲೋಹದೊಳಗಿನ ಎಲೆಕ್ಟ್ರಾನುಗಳು ಅದರ ವಿದ್ಯುತ್ತಿಗೆ ಎದುರಾದ ಪ್ರತಿಬಿಂಬ ಕಟ್ಟಿ ಅದನ್ನು ಮರೆ ಮಾಡುತ್ತವೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗಂತೂ ಇದು ವರವಾಗಿ ಕಾಣುತ್ತದೆ. ಗೆರೆ ಕಂಡಿತೆಂದರೆ ಅಣು ನಿಂತಿದೆ, ಮಾಯವಾಯಿತೆಂದರೆ ಒರಗಿರಬಹುದು; ಕಂಡದ್ದು, ಕಾಣದ್ದು ಎರಡೂ ಸುದ್ದಿಯೇ.

ಗ್ರೀನ್ಲರ್ ಬಗ್ಗೆ ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಅವರಿಗೆ ಆಕಾಶದ ಹುಚ್ಚೂ ಇತ್ತು. ಕಾಮನಬಿಲ್ಲಿನ ಕೆಂಪು ಅಂಚಿನ ಆಚೆಗೆ, ನಮ್ಮ ಕಣ್ಣಿಗೆ ಬಿಲ್ಲು ಮುಗಿದ ಜಾಗದಲ್ಲಿ, ಅವಕೆಂಪಿನ ಇನ್ನೊಂದು ಪಟ್ಟಿ ಇರಲೇಬೇಕೆಂದು ತರ್ಕಿಸಿ, ಅದಕ್ಕೆ ತಕ್ಕ ಫಿಲ್ಮು ಹಾಕಿ ಫೋಟೊ ತೆಗೆದರು. ಮನುಷ್ಯ ಹುಟ್ಟುವ ಮೊದಲಿನಿಂದಲೂ ಮಳೆಯ ಜೊತೆ ಮೂಡುತ್ತಿದ್ದು ಯಾರೂ ನೋಡದಿದ್ದ ಆ ಬಿಲ್ಲಿನ ಚಿತ್ರ 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆಮೇಲೆ ಕಾಮನಬಿಲ್ಲು, ಸೂರ್ಯನ ಸುತ್ತಲಿನ ಪರಿವೇಷಗಳ ಮೇಲೆ ಅವರು ಬರೆದ ಪುಸ್ತಕ ಸಾಮಾನ್ಯ ಓದುಗರಿಗೂ ಪ್ರಿಯವಾಯಿತು. ಆಕಾಶದಗಲದ ಬಿಲ್ಲನ್ನೂ ಒಂದು ಅಣುವಿನಷ್ಟು ದಪ್ಪದ ಪದರವನ್ನೂ ಕಾಣದ ಅದೇ ಬೆಳಕಿನಲ್ಲಿ ಹಿಡಿದ ಮನುಷ್ಯ ಅವರು.

ಕೋಣೆಗೆ ಮರಳೋಣ. ಬಿಲ್ಲೆ ತಣ್ಣಗಾಗಿದೆ, ಶುದ್ಧವಾಗಿದೆ. ಖಾಲಿ ಲೋಹದ ರೋಹಿತವನ್ನು ಮೊದಲು ದಾಖಲಿಸಿ ಇಟ್ಟುಕೊಳ್ಳುತ್ತಾರೆ; ಮುಂದಿನದನ್ನೆಲ್ಲ ಅದರಿಂದ ಭಾಗಿಸಬೇಕು. ಪರದೆಯ ಮೇಲೆ ಸಪಾಟು ಗೆರೆ. ಈಗ ಕಾರ್ಬನ್ ಮೊನಾಕ್ಸೈಡ್ ಬಿಡುವ ಸೂಕ್ಷ್ಮ ಕವಾಟವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಒತ್ತಡದ ಅಂಕಿ ಏರುತ್ತದೆ, ಕೆಲವು ಸೆಕೆಂಡು ನಿಲ್ಲುತ್ತದೆ, ಕವಾಟ ಮುಚ್ಚಿದಾಗ ಇಳಿಯುತ್ತದೆ. ಕೋಶದೊಳಗೆ ನೋಡಿದರೆ ಏನೂ ಆಗಿಲ್ಲ; ಬಿಲ್ಲೆ ಮೊದಲಿನಂತೆಯೇ ಹೊಳೆಯುತ್ತಿದೆ. ಪರದೆಯ ಮೇಲೆ ಮಾತ್ರ 2090ರ ಹತ್ತಿರ ಸಣ್ಣ ತಗ್ಗೊಂದು ಮೂಡಿದೆ. ಇನ್ನಷ್ಟು ಅನಿಲ ಬಿಟ್ಟರೆ ತಗ್ಗು ಆಳವಾಗುತ್ತದೆ, ಮೇಲಕ್ಕೆ ಸರಿಯುತ್ತದೆ. ಮೇಲ್ಮೈಯ ಅರ್ಧದಷ್ಟು ಜಾಗ ತುಂಬುವ ಹೊತ್ತಿಗೆ ಅದು 2105ಕ್ಕೆ ಬಂದಿರುತ್ತದೆ. ಅಷ್ಟರಲ್ಲಿ 1855ರ ಬಳಿ ಇನ್ನೊಂದು, ಕೊಂಚ ಅಗಲವಾದ ತಗ್ಗು ಕಾಣಿಸಿಕೊಂಡಿರುತ್ತದೆ. ಮೊದಲು ಬಂದವರು ಪ್ಲಾಟಿನಂ ಪರಮಾಣುಗಳ ನೆತ್ತಿ ಹಿಡಿದರು. ಒತ್ತಾದಾಗ ಉಳಿದವರು ಸೇತುವೆಯ ಜಾಗಕ್ಕೆ ಇಳಿದರು. ಬೀಕನ್ನಿನ ಮೂವರು ಪುಡಿಯಲ್ಲಿ ಓದಿದ್ದು ಇಲ್ಲಿ ಒಂಟಿ ಹರಳಿನ ಮೇಲೆ ತಿರುಗಿ ಓದಲು ಸಿಗುತ್ತದೆ.

2143 ಯಾಕೆ 2090ಕ್ಕೆ ಇಳಿಯಿತು? 1964ರಲ್ಲಿ ಜಾರ್ಜ್ ಬ್ಲೈಹೋಲ್ಡರ್ ಕೊಟ್ಟ ವಿವರಣೆಯನ್ನೇ, ತಿದ್ದುಪಡಿಗಳೊಡನೆ, ಇಂದಿಗೂ ಪಾಠ ಹೇಳುತ್ತಾರೆ. ಕಾರ್ಬನ್ ಮೊನಾಕ್ಸೈಡ್ ತನ್ನ ಇಂಗಾಲದ ತುದಿಯಿಂದ ಲೋಹಕ್ಕೆ ಎಲೆಕ್ಟ್ರಾನು ಕೊಡುತ್ತದೆ. ಲೋಹ ತನ್ನ ಎಲೆಕ್ಟ್ರಾನನ್ನು ಅದಕ್ಕೆ ಹಿಂದಿರುಗಿಸುತ್ತದೆ, ಆದರೆ ಕೊಟ್ಟ ಜಾಗಕ್ಕಲ್ಲ. ಇಂಗಾಲ ಮತ್ತು ಆಮ್ಲಜನಕದ ನಡುವಿನ ಬಂಧವನ್ನು ಸಡಿಲಗೊಳಿಸುವ ಕಕ್ಷಕಕ್ಕೆ. ಹೀಗಾಗಿ ಲೋಹದ ಜೊತೆ ನಂಟು ಬಿಗಿಯಾದಂತೆಲ್ಲ ಒಳಗಿನ ನಂಟು ಸಡಿಲ. ಸೇತುವೆಯಾಗಿ ಕೂತಾಗ ಎರಡು ಪರಮಾಣುಗಳಿಂದ ಈ ವಾಪಸಾತಿ ನಡೆಯುವುದರಿಂದ ಅಂಕಿ ಇನ್ನೂ ಕೆಳಗಿಳಿದು 1855 ಆಗುತ್ತದೆ. ಹೊಗೆಯ ಕೋಣೆಯಲ್ಲಿ ಸಿಕ್ಕಿಕೊಂಡವರ ರಕ್ತದಲ್ಲಿ ನಡೆಯುವುದೂ ಇದೇ ವ್ಯವಹಾರ. ಅಲ್ಲಿ ಪ್ಲಾಟಿನಂ ಬದಲು ಹಿಮೋಗ್ಲೋಬಿನ್ನಿನ ಕಬ್ಬಿಣ, ಅಂಕಿ 1951. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಲ್ಲಿ ಅದು ಅಲ್ಲಿ ಕೂರುತ್ತದೆ.

ಇಷ್ಟು ನಿಶ್ಚಿತವಾಗಿ ಪ್ರಯೋಗ ಹೇಳುತ್ತಿದ್ದರೂ ಲೆಕ್ಕ ಬಹಳ ಕಾಲ ಒಪ್ಪಲಿಲ್ಲ. ಕಂಪ್ಯೂಟರಿನಲ್ಲಿ ಎಲೆಕ್ಟ್ರಾನುಗಳ ಸಾಂದ್ರತೆಯಿಂದ ಶಕ್ತಿಯನ್ನು ಅಂದಾಜಿಸುವ ಪ್ರಸಿದ್ಧ ಪದ್ಧತಿಗಳೆಲ್ಲ, ಪ್ಲಾಟಿನಂನ ಇದೇ ಮುಖದ ಮೇಲೆ ಅಣು ನೆತ್ತಿಯ ಮೇಲಲ್ಲ, ಮೂರು ಪರಮಾಣುಗಳ ನಡುವಿನ ಗುಳಿಯಲ್ಲಿ ಕೂರುತ್ತದೆ ಎಂದು ಹೇಳುತ್ತಿದ್ದವು. 2001ರಲ್ಲಿ ಈ ಕ್ಷೇತ್ರದ ಘಟಾನುಘಟಿಗಳೇ ಒಟ್ಟಾಗಿ, ಇದೊಂದು ಒಗಟು ಎಂದು ಒಪ್ಪಿಕೊಂಡು ಪ್ರಬಂಧ ಬರೆದರು. ಪ್ರಯೋಗದವರು ಪಟ್ಟು ಬಿಡಲಿಲ್ಲ, ಬಿಡುವ ಕಾರಣವೂ ಇರಲಿಲ್ಲ. ತಿದ್ದಿಕೊಳ್ಳಬೇಕಾದದ್ದು ಲೆಕ್ಕದ ಪದ್ಧತಿಯೇ ಆಗಿತ್ತು.

ಗೆರೆ 2090ರಿಂದ 2105ಕ್ಕೆ ಸರಿದದ್ದು ಇನ್ನೊಂದು ಕಥೆ. ಅಣುಗಳು ಹೆಚ್ಚಿದಂತೆ ಪಕ್ಕಪಕ್ಕದವು ಒಂದರ ವಿದ್ಯುತ್ ಇನ್ನೊಂದಕ್ಕೆ ತಗುಲಿ, ತಾಳ ಸೇರಿ, ಒಂದೇ ಸಮೂಹವಾಗಿ ಕಂಪಿಸತೊಡಗುತ್ತವೆ, ಅಂಕಿ ಏರುತ್ತದೆ. ಇದು ನಿಜವೋ, ಇಲ್ಲ ಒಂದೊಂದು ಅಣುವಿನ ಬಂಧವೇ ಬದಲಾಗಿದೆಯೋ ಎಂದು ಪರೀಕ್ಷಿಸುವ ಬಗೆ ಜಾಣತನದ್ದು. ತೂಕ 12ರ ಇಂಗಾಲದ ಬದಲು 13ರ ಇಂಗಾಲವಿರುವ ಅಣುಗಳನ್ನು ಬೆರೆಸುತ್ತಾರೆ. ರಸಾಯನ ಒಂದೇ, ತೂಕ ಮಾತ್ರ ಬೇರೆ. ಭಾರವಾದದ್ದು ನಿಧಾನವಾಗಿ ಕಂಪಿಸುವುದರಿಂದ ಹಗುರದವುಗಳ ಜೊತೆ ತಾಳ ಕೂಡುವುದಿಲ್ಲ. ಮಿಶ್ರಣದ ಪ್ರಮಾಣ ಬದಲಿಸುತ್ತ ಹೋದರೆ ಸಮೂಹದ ಪಾಲೆಷ್ಟು, ಒಂಟಿ ಅಣುವಿನ ಪಾಲೆಷ್ಟು ಎಂದು ಬಿಡಿಸಬಹುದು. ಪ್ಲಾಟಿನಂ ಮೇಲಿನ ಏರಿಕೆಯಲ್ಲಿ ದೊಡ್ಡ ಪಾಲು ಸಮೂಹದ್ದೇ.

ಅಂಟುವುದಾಯಿತು. ಇನ್ನು ಕ್ರಿಯೆ. ಎರಡನೆಯ ಕವಾಟ ತೆರೆದು ಆಮ್ಲಜನಕ ಬಿಡುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಸುಟ್ಟು ಡೈಆಕ್ಸೈಡ್ ಆಗಬೇಕು. ಶಕ್ತಿಯ ಲೆಕ್ಕದಲ್ಲಿ ಅದು ಇಳಿಜಾರಿನ ಹಾದಿ. ಪರದೆಯ ಮೇಲೆ ಮಾತ್ರ ಏನೂ ಬದಲಾಗುವುದಿಲ್ಲ. 2100ರ ತಗ್ಗು ಅಲ್ಲಾಡದೆ ನಿಂತಿದೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದ ದಂಪತಿಯನ್ನು ನೆನೆಸಿಕೊಳ್ಳಿ. ಒಂಟಿ ಪ್ರಯಾಣಿಕರು ಮೊದಲೇ ಹತ್ತಿ ಒಂದೊಂದು ಸೀಟಿಗೆ ಟವೆಲ್ ಹಾಕಿದ್ದಾರೆ. ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇದ್ದರೂ ಅಕ್ಕಪಕ್ಕದ ಎರಡು ಎಲ್ಲೂ ಇಲ್ಲ. ಆಮ್ಲಜನಕದ ಅಣು ಅಂಥ ದಂಪತಿ. ಅದು ಎರಡಾಗಿ ಒಡೆದು, ಎರಡು ಪರಮಾಣುಗಳೂ ಪಕ್ಕಪಕ್ಕದಲ್ಲಿ ಲೋಹ ಹಿಡಿದರೆ ಮಾತ್ರ ಕ್ರಿಯೆ ನಡೆಯುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಒಂದು ಸೀಟು ಸಾಕು. ತಿರುಗುಮುರುಗು ಮಾಡಿ, ಆಮ್ಲಜನಕವನ್ನು ಮೊದಲು ಕೂರಿಸಿ ಆಮೇಲೆ ಕಾರ್ಬನ್ ಮೊನಾಕ್ಸೈಡ್ ಬಿಟ್ಟರೆ ಅಡಚಣೆಯಿಲ್ಲ; ಆಮ್ಲಜನಕದ ಪರಮಾಣುಗಳು ಸಡಿಲವಾಗಿ ಹರಡಿ ಕೂರುವುದರಿಂದ ನಡುವೆ ಜಾಗ ಸಿಗುತ್ತದೆ, ಗೆರೆ ಮೂಡುತ್ತದೆ, ಬಿಲ್ಲೆ ಸ್ವಲ್ಪ ಬೆಚ್ಚಗಿದ್ದರೆ ಕಣ್ಣೆದುರೇ ಕರಗುತ್ತದೆ.

ಇದನ್ನು ಲ್ಯಾಂಗ್‌ಮ್ಯೂರ್ 1922ರಲ್ಲೇ, ಕಾದ ಪ್ಲಾಟಿನಂ ತಂತಿಯ ಮೇಲೆ ಕ್ರಿಯೆಯ ವೇಗ ಅಳೆದು ಹೇಳಿದ್ದರು: ಕಾರ್ಬನ್ ಮೊನಾಕ್ಸೈಡ್ ತನ್ನ ಕ್ರಿಯೆಗೆ ತಾನೇ ವಿಷ. ಕ್ರಿಯೆಯ ಒಂದೊಂದು ಹೆಜ್ಜೆಯನ್ನೂ ಶುದ್ಧ ಹರಳಿನ ಮೇಲೆ, ಒಂದನ್ನೂ ಊಹೆಗೆ ಬಿಡದೆ ಬಿಡಿಸಿಟ್ಟವರು ಗೆರ್ಹಾರ್ಡ್ ಎರ್ಟ್ಲ್. ಬರ್ಲಿನ್ನಿನ ಡಾಲೆಮ್ ಬಡಾವಣೆಯ ಫ್ರಿಟ್ಸ್ ಹಾಬರ್ ಸಂಸ್ಥೆಯಲ್ಲಿ 1986ರಿಂದ 2004ರವರೆಗೆ ನಿರ್ದೇಶಕರಾಗಿದ್ದವರು. 2007ರ ರಸಾಯನ ನೊಬೆಲ್ ಅವರೊಬ್ಬರಿಗೇ ಬಂತು, ಸುದ್ದಿ ಸಿಕ್ಕಿದ್ದು ಅವರ 71ನೆಯ ಹುಟ್ಟುಹಬ್ಬದ ದಿನ.

ಈಗ ಎರಡೂ ಅನಿಲ ಹರಿಯುತ್ತಿರುವಂತೆಯೇ ಬಿಲ್ಲೆಯನ್ನು ಮೆಲ್ಲಗೆ ಕಾಯಿಸಿ. ಮೊದಲಿಗೆ ತಗ್ಗು ಕೊಂಚ ಕಿರಿದಾಗುತ್ತದೆ, ಕೆಳಗಿನ ಅಂಕಿಗೆ ಸರಿಯುತ್ತದೆ. ಕೆಲವು ಅಣುಗಳು ಕಾವಿಗೆ ಎದ್ದು ಹೋಗುತ್ತಿವೆ, ಉಳಿದವುಗಳ ತಾಳ ಸಡಿಲವಾಗುತ್ತಿದೆ. ಇನ್ನಷ್ಟು ಕಾಯಿಸಿ. ಒಂದು ಹಂತದಲ್ಲಿ ಎದ್ದವರ ಜಾಗಗಳು ಅಕ್ಕಪಕ್ಕ ಸೇರಿ, ಆಮ್ಲಜನಕ ಒಳನುಗ್ಗಿ, ನೆರೆಯ ಕಾರ್ಬನ್ ಮೊನಾಕ್ಸೈಡನ್ನು ಸುಟ್ಟು, ಅದು ಬಿಟ್ಟ ಜಾಗವನ್ನೂ ಹಿಡಿಯುತ್ತದೆ. ತಗ್ಗು ಇದ್ದಕ್ಕಿದ್ದಂತೆ ಮಾಯ. ಪಕ್ಕದ ದ್ರವ್ಯರಾಶಿ ಮಾಪಕದಲ್ಲಿ ಕಾರ್ಬನ್ ಡೈಆಕ್ಸೈಡಿನ ಅಂಕಿ ನೆಗೆಯುತ್ತದೆ. ಲೋಹದ ಮೇಲೆ ಕೆಲಸ ಭರದಿಂದ ಸಾಗಿದೆ. ಅವಕೆಂಪಿನ ಪರದೆಯಲ್ಲಿ ಸಪಾಟು ಗೆರೆ! ಹುಟ್ಟಿದ ಡೈಆಕ್ಸೈಡ್ ಲೋಹದ ಮೇಲೆ ನಿಲ್ಲದೆ ಹಾರಿಹೋಗುವುದರಿಂದ ಕಾಣುವುದಿಲ್ಲ. ಆಮ್ಲಜನಕದ ಪರಮಾಣು ಪ್ಲಾಟಿನಂ ಮೇಲೆ ಕಂಪಿಸುವುದು 500ಕ್ಕಿಂತ ಕೆಳಗೆ. ಆ ಬೆಳಕು ಈ ಪತ್ತೆಕಾರಕದ ಎಟುಕಿಗೆ ಬಾರದು. ಸುಡುವ ಕಾರ್ಬನ್ ಮೊನಾಕ್ಸೈಡ್ ಲೋಹದ ಮೇಲೆ ಇರುವ ಹೊತ್ತು ಎಷ್ಟು ಚಿಕ್ಕದೆಂದರೆ ಯಾವುದೇ ಕ್ಷಣಕ್ಕೆ ಎಣಿಸಿದರೆ ಗೆರೆ ಮೂಡಿಸುವಷ್ಟು ಅಣುಗಳು ಅಲ್ಲಿರುವುದಿಲ್ಲ.

ಈ ವಿದ್ಯೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಾರಿಸಿಬಿಡುವ ಸಂಗತಿ ಇದು. ಅವಕೆಂಪು ಬೆಳಕು ತೋರಿಸುವುದು ಕೂತವರನ್ನು, ದುಡಿಯುವವರನ್ನಲ್ಲ. ಅತಿ ಆಳವಾದ ಗೆರೆ ಕೊಡುವ ಅಣು ಎಷ್ಟೋ ಸಲ ಕ್ರಿಯೆಯಲ್ಲಿ ಭಾಗವಹಿಸದೆ ಬರಿದೇ ಜಾಗ ಹಿಡಿದಿರುವ ಪ್ರೇಕ್ಷಕ. ರೋಹಿತದಲ್ಲಿ ದೊಡ್ಡದಾಗಿ ಕಂಡದ್ದನ್ನೇ ಕ್ರಿಯೆಯ ನಡುಹೆಜ್ಜೆಯೆಂದು ತೀರ್ಮಾನಿಸಿ ಎಡವಿದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಎಚ್ಚರದವರು ಗೆರೆ ಇದೆಯೇ ಎಂದಷ್ಟೇ ಕೇಳುವುದಿಲ್ಲ. ಅನಿಲ ಬದಲಿಸಿದಾಗ ಆ ಗೆರೆ ಕರಗುವ ವೇಗವೂ ಹೊರಗೆ ಉತ್ಪನ್ನ ಹುಟ್ಟುವ ವೇಗವೂ ಒಂದೇ ಇದೆಯೇ ಎಂದು ನೋಡುತ್ತಾರೆ.

ನಿರ್ವಾತದ ಬಗ್ಗೆಯೂ ಇಂಥದೇ ತಕರಾರಿದೆ. ಕಾರಿನ ಹೊಗೆ ಕೊಳವೆಯೊಳಗೆ ನಿರ್ವಾತವೇನೂ ಇರುವುದಿಲ್ಲ. ಅಲ್ಲಿನ ಒತ್ತಡ ಈ ಕೋಶದ ಒತ್ತಡಕ್ಕಿಂತ ಲಕ್ಷ ಕೋಟಿಗೂ ಹೆಚ್ಚು ಪಟ್ಟು. ಒತ್ತಡ ಏರಿಸಿದರೆ ಮೇಲ್ಮೈಯ ಒಂದು ಪದರದ ಗೆರೆ ಸುತ್ತಲ ಅನಿಲದ ಗೆರೆಗಳಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿಯೂ ನೆರವಿಗೆ ಬರುವುದು ಗ್ರೀನ್ಲರ್ ತೋರಿಸಿದ ಆ ಓರೆ ಬೆಳಕಿನ ಗುಣವೇ. ಲಂಬ ಆಂದೋಲನದ ಬೆಳಕು ಮೇಲ್ಮೈಯನ್ನೂ ಅನಿಲವನ್ನೂ ನೋಡುತ್ತದೆ, ಅಡ್ಡ ಆಂದೋಲನದ್ದು ಅನಿಲವನ್ನು ಮಾತ್ರ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಒಂದರಿಂದ ಇನ್ನೊಂದಕ್ಕೆ ಬದಲಿಸುತ್ತ ಮೊದಲಿನದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಮೇಲ್ಮೈ. ಈ ಉಪಾಯದಿಂದ ಅಮೆರಿಕದ ಟೆಕ್ಸಾಸಿನಲ್ಲಿ ವೇಯ್ನ್ ಗುಡ್‌ಮನ್, ಬರ್ಲಿನ್ನಿನಲ್ಲಿ ಹಾನ್ಸ್-ಯೋಖಿಮ್ ಫ್ರಾಯ್ಂಡ್ ಮತ್ತವರ ತಂಡದವರು ನಿರ್ವಾತಕ್ಕೂ ನಿಜದ ಒತ್ತಡಕ್ಕೂ ನಡುವಿನ ಕಂದಕವನ್ನು ಬಹಳ ಮಟ್ಟಿಗೆ ತುಂಬಿದರು. ಒತ್ತಡ ಏರಿಸುವವರಿಗೆ ಒಂದು ಹಳೆಯ ಶತ್ರು ಬೇರೆ ಇದೆ. ಉಕ್ಕಿನ ಸಿಲಿಂಡರಿನಲ್ಲಿ ಬಹಳ ದಿನ ಇಟ್ಟ ಕಾರ್ಬನ್ ಮೊನಾಕ್ಸೈಡ್ ಗೋಡೆಯ ಕಬ್ಬಿಣ, ನಿಕ್ಕಲ್‌ಗಳನ್ನು ಕೆರೆದು ಆವಿಯಾಗಿ ಹೊತ್ತು ತಂದು ಪ್ಲಾಟಿನಂ ಮೇಲೆ ಲೇಪಿಸುತ್ತದೆ. ಪ್ಲಾಟಿನಂ ನೋಡುತ್ತಿದ್ದೇವೆಂದುಕೊಂಡು ನಿಕ್ಕಲ್ ನೋಡುವ ಅಪಾಯ. ಹಾಗಾಗಿ ಅ‍ಲ್ಯೂಮಿನಿಯಂ ಸಿಲಿಂಡರ್, ದಾರಿಯಲ್ಲಿ ಕಾದ ಅಥವಾ ತಣ್ಣನೆಯ ಬಲೆ.

ಕರ್ನಾಟಕಕ್ಕೆ ಈ ಕಥೆ ದೂರದ್ದಲ್ಲ. ಅವಕೆಂಪು ರೋಹಿತಗಳನ್ನು ರಸಾಯನದವರು ಹೇಗೆ ಓದಬೇಕೆಂದು ಕಲಿಸಿದ ದಪ್ಪ ಪುಸ್ತಕವೊಂದು 1963ರಲ್ಲಿ ನ್ಯೂಯಾರ್ಕಿನ ಅಕಾಡೆಮಿಕ್ ಪ್ರೆಸ್‌ನಿಂದ ಬಂತು. ಬರೆದವರು ಬೆಂಗಳೂರಿನಲ್ಲಿ ಹುಟ್ಟಿದ, ಆಗ ಮೂವತ್ತೂ ತುಂಬದ ಸಿ.ಎನ್.ಆರ್. ರಾವ್. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಲೋಹಗಳ ಮೇಲೆ ಕೂತ ನೈಟ್ರೋಜನ್, ಕಾರ್ಬನ್ ಮೊನಾಕ್ಸೈಡ್‌ಗಳನ್ನು ಎಲೆಕ್ಟ್ರಾನುಗಳ ರೋಹಿತದಿಂದ ಅಧ್ಯಯನ ಮಾಡಿದರು. ಅದೇ ಸಂಸ್ಥೆಯಲ್ಲಿ ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಪ್ಲಾಟಿನಂ ಜಾತಿಯ ಲೋಹಗಳನ್ನು ಕಣವಾಗಿ ಅಲ್ಲ, ಸೀರಿಯಂ ಆಕ್ಸೈಡಿನೊಳಗೆ ಬಿಡಿ ಅಯಾನುಗಳಾಗಿ ಹುದುಗಿಸಿ, ಕಡಿಮೆ ಲೋಹದಲ್ಲಿ ಹೊಗೆಯ ಅನಿಲಗಳನ್ನು ಸುಡಿಸುವ ದಾರಿ ಹುಡುಕಿದರು.

ಹೊಗೆ ಎಂದೆ. ಈ ಬಿಲ್ಲೆಯ ಮೇಲಿನ ಕಥೆಯೆಲ್ಲ ನಡೆಯುವುದು ನಿಮ್ಮ ಪೆಟ್ರೋಲ್ ಕಾರಿನ ಕೆಳಗೂ. ಅಮೆರಿಕದ ಕಾರುಗಳಿಗೆ ಕ್ರಿಯಾವರ್ಧಕ ಪರಿವರ್ತಕ 1975ರ ಮಾದರಿಗಳಿಂದ ಬಂತು. ನಮ್ಮಲ್ಲಿ 1995ರ ಏಪ್ರಿಲ್‌ನಿಂದ, ಮೊದಲು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳ ಹೊಸ ಕಾರುಗಳಿಗೆ. ಅದರ ಜೊತೆಗೇ ಸೀಸವಿಲ್ಲದ ಪೆಟ್ರೋಲ್ ತರಬೇಕಾಯಿತು, ಯಾಕೆಂದರೆ ಸೀಸ ಹಿಡಿದ ಸೀಟು ಬಿಡುವುದೇ ಇಲ್ಲ. ದೇಶಕ್ಕೆಲ್ಲ ಸೀಸರಹಿತ ಪೆಟ್ರೋಲ್ ಬಂದದ್ದು 2000ದಲ್ಲಿ. ಪರಿವರ್ತಕದೊಳಗೆ ಜೇನುಗೂಡಿನಂಥ ಪಿಂಗಾಣಿಯ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂ ಕಣಗಳನ್ನು ಹಚ್ಚಿರುತ್ತಾರೆ. ಎಂಜಿನ್ ಶುರುವಾದ ಹೊತ್ತಿಗೆ ಅವೆಲ್ಲ ತಣ್ಣಗಿರುತ್ತವೆ, ಪ್ರತಿ ಜಾಗದಲ್ಲೂ ಕಾರ್ಬನ್ ಮೊನಾಕ್ಸೈಡ್ ಕೂತಿರುತ್ತದೆ, ಆಮ್ಲಜನಕಕ್ಕೆ ಎಡೆಯಿಲ್ಲ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಪರಿವರ್ತಕ ಹೆಸರಿಗಷ್ಟೇ ಇರುತ್ತದೆ. ಹಾಗಾಗಿ ಒಂದು ಓಡಾಟದಲ್ಲಿ ಕಾರು ಉಗುಳುವ ಕಾರ್ಬನ್ ಮೊನಾಕ್ಸೈಡಿನ ದೊಡ್ಡ ಪಾಲು ಮೊದಲ ಒಂದೆರಡು ನಿಮಿಷಗಳದ್ದು.

ಆದ್ದರಿಂದ ಚಳಿಗಾಲದ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಕಾರನ್ನು ಬಿಸಿ ಮಾಡಬೇಡಿ. ಹೊಸ ಕಾರು, ಹೊಗೆ ತಪಾಸಣೆಯ ಚೀಟಿ ಇದೆ ಎಂಬ ಧೈರ್ಯ ಬೇಡ. ಬಾಗಿಲು ತೆರೆಯಿರಿ, ಕಾರನ್ನು ಹೊರಗೆ ತನ್ನಿ, ಆಮೇಲೆ ನಿಲ್ಲಿಸಿ ಬೇಕಾದರೆ ಮಕ್ಕಳನ್ನು ಹತ್ತಿಸಿಕೊಳ್ಳಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.